ಬೋರ್ಡಿಲ್ಲದ ಅಂಗಡೀಲಿ ಪೆಡಲ್‌ಬೋರ್ಡಿಗೆ ಕರೆಂಟ್ ಕೊಡ್ಸಿದ್ದು

ದಾವಣಗೆರೇಲಿ ಗಿಟಾರ್ ಪೆಡಲ್‌ಗೆ (ಕಾಲಲ್ಲಿ ತುಳಿದು ಗಿಟಾರ್ ಸದ್ದು ಬದಲಾಯಿಸೋ ಡಬ್ಬಿ) ಪವರ್ ಸಪ್ಲೈ ಮಾಡ್ಕೊಡೋರು ಯಾರಾದ್ರೂ ಅದಾರಾ ಅಂತ ಕೇಳ್ತಿದ್ರಲ್ಲ, ಅದಾರೆ. ಮಂಡಿಪೇಟೆ ಒಳಗೆ ಒಂದು ರಿಪೇರಿ ಅಂಗಡಿ, ಹೆಸರಿಲ್ಲ, ಮೇಲೆ ಬೋರ್ಡೂ ಇಲ್ಲ, ಒಳಗೆ ಆಂಪ್ಲಿಫೈಯರ್ರು, ಭಜನೆ ಮೈಕ್ ಸೆಟ್ಟು, ಟೇಬಲ್ ಫ್ಯಾನು ಎಲ್ಲಾ ಒಂದೇ ರಾಶಿ. ಕೂರೋಕೆ ಒಂದು ಸ್ಟೂಲ್ ಐತೆ, ಅದ್ರ ಮೇಲೂ ಯಾರ್ದೋ ಸ್ಪೀಕರ್ ಇರುತ್ತೆ.

ನಾನು ಮೊದಲ್ನೇ ಸಲ ಹೋಗಿದ್ದು ಸತ್ತ ಓವರ್‌ಡ್ರೈವ್, ಅಂದ್ರೆ ಸದ್ದು ಒರಟು ಮಾಡೋ ಪೆಡಲ್, ಹಿಡ್ಕೊಂಡು. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ಹುಡುಗನ 12 ವೋಲ್ಟ್ ಅಡಾಪ್ಟರ್ ಪಿನ್ ಸರಿಯಾಗಿ ಕೂತ್ಕೊಳ್ತು ಅಂತ ಚುಚ್ಬಿಟ್ಟಿದ್ದೆ. ಅದ್ರಲ್ಲಿ ಪಿನ್ ಮಧ್ಯಕ್ಕೆ ಪ್ಲಸ್, ನಮ್ಮ ಪೆಡಲ್‌ಗಳಿಗೆ ಸಾಮಾನ್ಯವಾಗಿ ಬೇಕಾಗಿರೋದು 9 ವೋಲ್ಟು, ಮಧ್ಯಕ್ಕೆ ಮೈನಸ್ಸು. ಮಿಸ್ತ್ರಿ ಅಣ್ಣ ಬಿಚ್ಚಿ ನೋಡಿ "ಪುಣ್ಯ ಮಾಡೀಯ ತಮ್ಮಾ, ಕಾವಲಿಗಿದ್ದ ಡಯೋಡ್ ಒಂದೇ ಹೋಗೈತಿ" ಅಂದು 1ಎನ್4001 ಅನ್ನೋ ಡಯೋಡ್ ಹಾಕಿ 50 ರೂಪಾಯಿ ಇಸ್ಕೊಂಡ್ರು. ಆಮೇಲೆ ಕೇಳಿದ್ರು, ಇಷ್ಟು ಡಬ್ಬಿಗೆ ಕರೆಂಟ್ ಎಲ್ಲಿಂದ ಕೊಡ್ತೀಯಪ್ಪಾ ಅಂತ.

ಅಲ್ಲೇ ಇದ್ದಿದ್ದು ನನ್ನ ನಿಜವಾದ ಗೋಳು. ಸದ್ದನ್ನ ತಡವಾಗಿ ಮತ್ತೆ ಕೇಳ್ಸೋ ಡಿಲೇ ಪೆಡಲ್ ಸೇರಿಸಿದ ದಿನದಿಂದ ಸಣ್ಣಗೆ ಕುಂಯ್ ಅನ್ನೋದು, ಇನ್ನೂ ಒರಟು ಮಾಡೋ ಡಿಸ್ಟಾರ್ಷನ್ ತುಳಿದ್ರಂತೂ ಸೊಳ್ಳೆ ಹಿಂಡೇ ಮೈಕ್ ಹಿಡಿದಂಗೆ. ಗಿಟಾರ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಕೊನೆಗೆ ಆನ್‌ಲೈನಲ್ಲಿ ಎಂಟು ಔಟ್‌ಪುಟ್‌ದು ಒಂದು ಅಗ್ಗದ ಡಬ್ಬಿ ತರ್ಸಿದೆ, ಮೇಲೆ ದೊಡ್ಡದಾಗಿ ಐಸೊಲೇಟೆಡ್ (ಒಂದೊಂದು ಔಟ್‌ಪುಟ್ಟೂ ಬೇರೆ ಬೇರೆ) ಅಂತ ಪ್ರಿಂಟು, ಆದ್ರೂ ಕುಂಯ್. ಅಣ್ಣ ಅದ್ರ ಪ್ಲಗ್ ಕಿತ್ತು ಪಕ್ಕಕ್ಕಿಟ್ಟು, ಮಲ್ಟಿಮೀಟರ್ ಬೀಪ್‌ಗೆ ತಿರುಗ್ಸಿ, ಎರಡು ಔಟ್‌ಪುಟ್ ವೈರಿನ ಪಿನ್ ತೂತಿಗೆ ಒಂದೊಂದು ಕಡ್ಡಿ ಇಟ್ರು. ಬೀಪ್ ಅಂತು. "ನೋಡು, ಒಂದೇ ಬಾವಿಗೆ ಎಂಟು ಹಗ್ಗ ಬಿಟ್ಟಾರೆ, ಬಾವಿ ಬೇರೆ ಅಲ್ಲ." ಬೇರೆ ಬೇರೆ ಇದ್ರೆ ಬೀಪ್ ಬರಬಾರ್ದಂತೆ. ಮನೇಲಿ ಮೀಟರ್ ಇದ್ರೆ ನಿಮ್ಮದೂ ನೋಡ್ಕೊಳ್ಳಿ, ಪೆಡಲ್ ಎಲ್ಲಾ ಬಿಚ್ಚಿಟ್ಟು ನೋಡ್ಬೇಕು, ಇಲ್ಲಾಂದ್ರೆ ಪೆಡಲ್‌ಗಳನ್ನ ಒಂದಕ್ಕೊಂದು ಜೋಡ್ಸೋ ಪ್ಯಾಚ್ ಕೇಬಲ್‌ನ ಗ್ರೌಂಡ್ (ಮೈನಸ್ ಕಡೆ ತಂತಿ) ಮೂಲಕಾನೇ ಬೀಪ್ ಬಂದು ಸುಳ್ಳು ಹೇಳುತ್ತೆ.

ಡಿಲೇ ಡಿಜಿಟಲ್ದು, ಒಳಗಿನ ಚಿಪ್ ಕ್ಲಾಕ್ ಮೇಲೆ ಓಡುತ್ತೆ, ಆ ಗಲಾಟೆ ಎಲ್ರಿಗೂ ಒಂದೇ ಆಗಿರೋ ಗ್ರೌಂಡಿಗೆ ಇಳಿಯುತ್ತೆ, ಡಿಸ್ಟಾರ್ಷನ್ ಅದನ್ನ ಗಿಟಾರ್ ಜೊತೆಗೇ ಹಿಗ್ಗಿಸಿ ಕೊಡುತ್ತೆ. ಪಾಪ ಡಿಸ್ಟಾರ್ಷನ್ನಿಂದು ತಪ್ಪೇನಿಲ್ಲ.

ಅಣ್ಣ ಮಾಡ್ಕೊಟ್ಟ ಪೆಟ್ಟಿಗೇಲಿ ಮೂರು ಬೇರೆ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಅದಾವೆ, ಒಂದೊಂದಕ್ಕೂ ಒಂದೊಂದು 7809 ರೆಗ್ಯುಲೇಟರ್, ಅಂದ್ರೆ ವೋಲ್ಟೇಜನ್ನ 9ಕ್ಕೇ ನಿಲ್ಸೋ ಚಿಪ್ಪು. ಮೊದಲ್ನೇ ಲೈನಿಗೆ ಟ್ಯೂನರ್, ವಾ, ಓವರ್‌ಡ್ರೈವ್, ಡಿಸ್ಟಾರ್ಷನ್, ಕೋರಸ್ ಎಲ್ಲಾ ಸರಪಳಿ, ಯಾಕಂದ್ರೆ ಎಲ್ಲಾ ಕೂಡ್ಸಿದ್ರೂ 100 ಎಂಎ (ಮಿಲಿಆಂಪ್) ದಾಟಲ್ಲ, ಜಗಳಾನೂ ಆಡಲ್ಲ. ಡಿಲೇಗೆ ಒಂದು. ಹಾಲ್‌ನಂಥ ಗುಂಗು ಕೊಡೋ ರಿವರ್ಬ್ ಒಂದೇ 300 ಎಂಎ ಕುಡಿಯುತ್ತೆ, ಅದಕ್ಕೆ 1 ಆಂಪ್‌ನ ಟ್ರಾನ್ಸ್‌ಫಾರ್ಮರ್. 9 ವೋಲ್ಟ್ ಪೆಡಲ್‌ಗೆ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಯಾಕಣ್ಣ ಅಂದ್ರೆ, ಗಣಪತಿ ಪೆಂಡಾಲಲ್ಲಿ ಜನರೇಟರ್ ಉಬ್ಬಸ ಬಿಟ್ಟಾಗ ವೋಲ್ಟೇಜ್ ಇಳಿದ್ರೂ ರೆಗ್ಯುಲೇಟರಿಗೆ ಮೇಲೆ ಎರಡು ವೋಲ್ಟ್ ಉಳೀಬೇಕು, ಅಂದ್ರು. ಹೌದು, ಹಳ್ಳಿ ಪ್ರೋಗ್ರಾಮಲ್ಲಿ ಲೈಟ್ ಮಂಕಾದ್ವು, ರಿವರ್ಬ್ ಮಾತ್ರ ಅಲುಗಾಡ್ಲಿಲ್ಲ. ಕುಂಯ್ ಅನ್ನೋದು ಹೋಗಿ ಎಂಟು ತಿಂಗಳಾಯ್ತು.

ಈಗ ಬೈಗುಳ. ನಾಲ್ಕು ದಿನ ಅಂದಿದ್ದು ಮೂರು ವಾರ ಆಯ್ತು, ಪ್ರತಿ ಸಲ "ನಾಳೆ ಬಾ". ಫೋನ್ ಎತ್ತಲ್ಲ. ಬಿಲ್ ಇಲ್ಲ. ತೂಕ ಯಪ್ಪಾ, ಬೈಕ್ ಹಿಂದೆ ಕೂತು ತೊಡೆ ಮೇಲಿಟ್ಕೊಂಡ್ರೆ ಕಾಲು ಜೋಮು ಹಿಡಿಯುತ್ತೆ. ರಿವರ್ಬ್ ಲೈನಿನ ಹೀಟ್‌ಸಿಂಕ್ ಒಂದು ಗಂಟೆ ಆದ್ಮೇಲೆ ಚೆನ್ನಾಗೇ ಬಿಸಿ, ಅದಕ್ಕೆ ಪೆಟ್ಟಿಗೆ ಪಕ್ಕದಲ್ಲಿ ತೂತು ಕೊರೆಸ್ಬೇಕಾಯ್ತು. ಇನ್ನೊಂದು, ಮೊದಲು ಪೆಟ್ಟಿಗೇನ ವಾ ಪೆಡಲ್ ಪಕ್ಕ ಕೂರ್ಸಿದ್ದೆ, ಗುಂಯ್ ಅಂತ ದಪ್ಪ ಹಮ್ ಶುರುವಾಯ್ತು, ವಾ ಒಳಗಿನ ಕಾಯಿಲ್ಲು ಟ್ರಾನ್ಸ್‌ಫಾರ್ಮರ್ ಸದ್ದು ಹಿಡ್ಕೊಳ್ಳುತ್ತಂತೆ. ಬೋರ್ಡಿನ ಇನ್ನೊಂದು ತುದಿಗೆ ಒಯ್ದಿಟ್ಟೆ, ನಿಂತೋಯ್ತು. ಇದನ್ನ ಅಣ್ಣ ಮೊದಲೇ ಹೇಳ್ಬೋದಿತ್ತು.

ಒಟ್ಟು 2,200 ಕೊಟ್ಟೆ, ಪ್ಯಾಚ್ ಕೇಬಲ್ ಐದು ಬೆಸುಗೆ ಹಾಕಿದ್ದೂ ಸೇರಿ. ಒಳ್ಳೆ ಕಂಪನಿ ಐಸೊಲೇಟೆಡ್ ಸಪ್ಲೈ ಹಗುರ, ಬೋರ್ಡ್ ಕೆಳಗೇ ಕೂರುತ್ತೆ, ದುಡ್ಡಿದ್ರೆ ಅದನ್ನೇ ತಗೊಳ್ಳಿ, ನಾನೇನು ಬೇಡ ಅನ್ನಲ್ಲ. ಪೆಡಲ್ ಕೂರ್ಸೋ ಬೋರ್ಡಿಗೆ ಮಾತ್ರ ದುಡ್ಡು ಸುರೀಬೇಡಿ ಮಾರಾಯ್ರೆ, ನಂದು ಬಡಿಗೇರ ಹತ್ರ ಮಾಡ್ಸಿದ ಪ್ಲೈವುಡ್ ಹಲಗೆ, ಟೈಲರಿಂಗ್ ಸಾಮಾನಿನ ಅಂಗಡೀಲಿ ಮೀಟರ್ ಲೆಕ್ಕದಲ್ಲಿ ತಂದ ವೆಲ್ಕ್ರೋ, ಮೆತ್ತಂದು ಪೆಡಲ್ ಕೆಳಗೆ, ಒರಟಂದು ಹಲಗೆ ಮೇಲೆ.

ಹೋಗೋರು ಎಲ್ಲಾ ಪೆಡಲ್ ತಗೊಂಡೇ ಹೋಗಿ, ಒಂದೊಂದರ ಹಿಂದೆ ಬರೆದಿರೋ ವೋಲ್ಟು, ಎಂಎ ಚೀಟೀಲಿ ಬರ್ಕೊಂಡಿರಿ, ಬಾಯಲ್ಲಿ ಹೇಳಿದ್ರೆ ಅಣ್ಣ ನಂಬಲ್ಲ. ಭಾನುವಾರ ರಜ. ಮಧ್ಯಾಹ್ನ ಶಟರ್ ಅರ್ಧ ಇಳಿದಿರುತ್ತೆ, ಬಗ್ಗಿ ಒಳಗೆ ಹೋಗಿ, ಏನೂ ಅನ್ನಲ್ಲ.