ಹಳೇ ಕಾರಿನ ಚೆಕ್ ಎಂಜಿನ್ ಲೈಟ್: ಕೀ, ಡಾಂಗಲ್, ಕಪ್ಲರ್ – ಯಾವ ಪರೀಕ್ಷೆ ನಂಬಬಹುದು?

ನನ್ನ 2004ರ ಪೆಟ್ರೋಲ್ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಮೇಲೆ ಎಂಜಿನ್ ದೋಷವಿದ್ದರೆ ಮೀಟರ್‌ನಲ್ಲಿ ಹತ್ತುವ ಚೆಕ್ ಎಂಜಿನ್ ಲೈಟ್ ಒಂದು ದಿನವೂ ತೊಂದರೆ ತೋರಿಸಿರಲಿಲ್ಲ. ಎಂಜಿನ್ ಚೆನ್ನಾಗಿದೆ ಎಂದು ಖುಷಿಯಾಗಿದ್ದೆ. ಉರಿಯಬೇಕಾದಾಗಲೂ ಉರಿಯದ ಹಾಗೆ ಆ ದೀಪವನ್ನು ಯಾರೋ ಕೈಯಾಡಿಸಿ ಇಟ್ಟಿದ್ದರು ಎಂಬುದು ಆಮೇಲೆ ತಿಳಿಯಿತು. ಅದನ್ನು ಕಂಡುಹಿಡಿಯಲು ಒಂದೊಂದೇ ದಾರಿ ಹಿಡಿದು ನೋಡಿದೆ. ಯಾವುದು ಎಲ್ಲಿ ಕೈಕೊಟ್ಟಿತು ಎಂಬುದೇ ಇಲ್ಲಿ ಮುಖ್ಯ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಕೀ ಪರೀಕ್ಷೆ. ಕೀಯನ್ನು ಆನ್‌ಗೆ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಮೀಟರ್ ನೋಡುವುದು. ಚೆಕ್ ಎಂಜಿನ್ ಲೈಟ್ ಉರಿಯಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಕೆಲವು ಕಾರುಗಳಲ್ಲಿ ಸ್ಟಾರ್ಟ್ ಮಾಡದಿದ್ದರೂ ಕೆಲವು ಸೆಕೆಂಡಿನಲ್ಲಿ ತಾನೇ ಆರುತ್ತದೆ, ಹಾಗಾಗಿ ಕೀ ತಿರುಗಿಸುವ ಮೊದಲೇ ಕಣ್ಣು ಮೀಟರ್ ಮೇಲಿರಲಿ. ಉರಿಯಲೇ ಇಲ್ಲವೆಂದರೆ ಬಲ್ಬ್ ಸುಟ್ಟಿದೆ, ತೆಗೆದಿದ್ದಾರೆ, ಹಿಂದೆ ಟೇಪ್ ಅಂಟಿಸಿದ್ದಾರೆ ಅಥವಾ ವೈರಿಂಗ್ ಹೋಗಿದೆ. ಖರ್ಚಿಲ್ಲ, ಅರ್ಧ ನಿಮಿಷ ಸಾಕು. ಬಲ್ಬ್ ಇಲ್ಲದ ಕಾರನ್ನು ಇದು ಅಲ್ಲೇ ಹಿಡಿದುಕೊಡುತ್ತದೆ.

ನನ್ನ ಕಾರು ಈ ಪರೀಕ್ಷೆಯಲ್ಲಿ ಪಾಸಾಗಿತ್ತು. ಕೀ ಆನ್ ಮಾಡಿದರೆ ಉರಿಯುತ್ತಿತ್ತು, ಸ್ಟಾರ್ಟ್ ಮಾಡಿದರೆ ಆರುತ್ತಿತ್ತು. ನೋಡುವವರಿಗೆ ಇನ್ನೇನು ಬೇಕು?

ಎರಡನೆಯದು ಡಾಂಗಲ್, ಅಂದರೆ ಕಾರಿನ ದೋಷಗಳನ್ನು ಓದಿ ಮೊಬೈಲಿಗೆ ಕಳಿಸುವ ಸಣ್ಣ ಸಾಧನ. ಓಬಿಡಿ-2 (ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಹೇಳುವ ವ್ಯವಸ್ಥೆ) ಇದ್ದು, ಅದರ 16 ಪಿನ್ನಿನ ಸಾಕೆಟ್ ಇರುವ ಕಾರುಗಳಿಗೆ ಇದು ಹೊಂದುತ್ತದೆ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಓಬಿಡಿ-2 ಕಡ್ಡಾಯವಾಯಿತು, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರ ಹೊತ್ತಿಗೆ ಅಂಥದೇ ನಿಯಮ ಬಂತು. ಇಎಲ್‌ಎಂ327 ಹೆಸರಿನ ಅಗ್ಗದ ಬ್ಲೂಟೂತ್ ಡಾಂಗಲ್ ಸ್ಟಿಯರಿಂಗ್ ಕೆಳಗೆ ಚುಚ್ಚಿ, ಮೊಬೈಲ್ ಆಪ್‌ನಲ್ಲಿ ನೋಡಿದೆ. ಕೋಡ್, ಅಂದರೆ ದಾಖಲಾದ ದೋಷದ ಸಂಕೇತ, ಸೊನ್ನೆ. ಎಂಐಎಲ್ ಆಫ್. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಭಾಷೆಯಲ್ಲಿ ಎಂಐಎಲ್ ಎಂದರೆ ಇದೇ ಲೈಟ್.

ಆ ದಿನ ನಾನು ಮಾಡಿದ ತಪ್ಪು ಇಲ್ಲಿದೆ. ಅದೇ ಆಪ್‌ನಲ್ಲಿ ರೆಡಿನೆಸ್ ಮಾನಿಟರ್ ಎಂಬ ಪಟ್ಟಿ ಇತ್ತು, ಇಸಿಯು ತಾನೇ ಮಾಡುವ ಯಾವ ಪರೀಕ್ಷೆ ಮುಗಿದಿದೆ ಎಂದು ಹೇಳುವಂಥದು. ಅದರಲ್ಲಿ ಕ್ಯಾಟಲಿಸ್ಟ್ (ಹೊಗೆ ಶುದ್ಧಿ ಮಾಡುವ ಭಾಗ), ಆಕ್ಸಿಜನ್ ಸೆನ್ಸರ್, ಇವ್ಯಾಪ್ (ಪೆಟ್ರೋಲ್ ಆವಿ ಹೊರಹೋಗದಂತೆ ಹಿಡಿಯುವ ವ್ಯವಸ್ಥೆ) ಮೂರರ ಎದುರೂ 'ಪೂರ್ಣವಾಗಿಲ್ಲ' ಎಂದಿತ್ತು. ಅದನ್ನು ನೋಡಿಯೂ ಮುಂದೆ ಹೋದೆ. ಕೋಡ್ ಅಳಿಸಿದರೆ ಅಥವಾ ಬ್ಯಾಟರಿ ಬಿಚ್ಚಿ ಹಾಕಿದರೆ ಈ ಮಾನಿಟರ್‌ಗಳೆಲ್ಲ ಮತ್ತೆ ಮೊದಲಿಂದ ಶುರುವಾಗುತ್ತವೆ. ಇಸಿಯು ಇನ್ನೂ ಪರೀಕ್ಷೆಯನ್ನೇ ಮುಗಿಸಿರುವುದಿಲ್ಲ, ಕೋಡ್ ಎಲ್ಲಿಂದ ಬರಬೇಕು? ಮಾನಿಟರ್ ಪೂರ್ಣವಾಗದ ಕಾರಿನಲ್ಲಿ 'ಕೋಡ್ ಸೊನ್ನೆ' ಎಂಬ ಮಾತಿಗೆ ಬೆಲೆಯಿಲ್ಲ.

ವಾರ ಓಡಿಸಿದ ಮೇಲೆ ಮತ್ತೆ ಡಾಂಗಲ್ ಚುಚ್ಚಿದೆ. ಪಿ0420, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಸಾಲುತ್ತಿಲ್ಲ. ಪಕ್ಕದಲ್ಲೇ 'ಎಂಐಎಲ್ ಆನ್'. ತಲೆಯೆತ್ತಿ ನೋಡಿದರೆ ಎಂಜಿನ್ ಓಡುತ್ತಿದೆ, ಮೀಟರ್‌ನಲ್ಲಿ ದೀಪವೇ ಇಲ್ಲ. ಹೊಟ್ಟೆ ತೊಳಸಿದಂತಾಯಿತು. ಲೈಟ್ ಹಾಕು ಎಂದು ಇಸಿಯು ಹೇಳುತ್ತಿದೆ, ಲೈಟಿಗೆ ಆ ಮಾತು ಮುಟ್ಟುತ್ತಿಲ್ಲ. ಡಾಂಗಲ್‌ನ ಗುಣವೂ ಕೊರತೆಯೂ ಇದೇ. ಅದು ಇಸಿಯು ಮನಸ್ಸಿನಲ್ಲಿರುವುದನ್ನು ಹೇಳುತ್ತದೆ, ದೀಪ ನಿಜವಾಗಿ ಉರಿಯಿತೇ ಎಂದು ಹೇಳಲಾರದು. ಅದನ್ನು ಕಣ್ಣೇ ಹೋಲಿಸಿ ನೋಡಬೇಕು.

ಹಾಗಾದರೆ ಕೀ ಆನ್ ಮಾಡಿದಾಗ ಅದು ಉರಿಯುತ್ತಿದ್ದುದು ಹೇಗೆ? ಸ್ಟಾರ್ಟ್ ಮಾಡುವಾಗ ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದೆ. ಚೆಕ್ ಎಂಜಿನ್ ಲೈಟೂ ಆಯಿಲ್ ಲೈಟೂ ಒಂದೇ ಕ್ಷಣಕ್ಕೆ ಆರುತ್ತಿದ್ದವು. ಅನುಮಾನ ಖಚಿತವಾಗಲು ಎಂಜಿನ್ ನಿಲ್ಲಿಸಿ, ಆಯಿಲ್ ಪ್ರೆಷರ್ ಸ್ವಿಚ್‌ನ ಒಂಟಿ ವೈರ್ ಬಿಚ್ಚಿ, ಕೀ ಆನ್ ಮಾಡಿದೆ. ಪ್ರೆಷರ್ ಇಲ್ಲದಾಗ ಆ ಸ್ವಿಚ್ಚೇ ಆಯಿಲ್ ಲೈಟಿಗೆ ಅರ್ಥ್ (ಕರೆಂಟ್ ಹಿಂದಿರುಗುವ ದಾರಿ) ಕೊಡುವುದು, ಬಿಚ್ಚಿದರೆ ಆಯಿಲ್ ಲೈಟ್ ಆರಬೇಕು. ಅದು ಆರಿತು, ಜೊತೆಗೆ ಚೆಕ್ ಎಂಜಿನ್ ಲೈಟೂ ಉರಿಯಲಿಲ್ಲ. ಎರಡನ್ನೂ ಒಂದೇ ದಾರಕ್ಕೆ ಕಟ್ಟಿದ್ದರು. ಎಲೆಕ್ಟ್ರಿಷಿಯನ್ ಮೀಟರ್ ಬಿಚ್ಚಿದಾಗ ಹಿಂದೆ ಬೆಸುಗೆ ಹಾಕಿದ ಸಣ್ಣ ವೈರ್ ಸಿಕ್ಕಿತು. ಮುಂದಿನವರ ಎಂಜಿನ್ ಏನಾದರೂ ಆಗಲಿ ಎಂದು ಕೂತು ಮಾಡಿದ ಕೆಲಸ ಅದು. ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ವೈರಿಂಗ್ ಸರಿಯಾದ ಮೇಲೆ ಮೂರನೇ ಪರೀಕ್ಷೆ: ಬೇಕೆಂದೇ ಒಂದು ತೊಂದರೆ ಹುಟ್ಟಿಸುವುದು. ಇಗ್ನಿಷನ್ ಆಫ್ ಮಾಡಿ, ಏರ್ ಫಿಲ್ಟರ್ ಪೈಪಿನಲ್ಲಿರುವ ಇನ್‌ಟೇಕ್ ಗಾಳಿಯ ತಾಪಮಾನದ ಸೆನ್ಸರ್‌ನ ಕಪ್ಲರ್ (ವೈರಿನ ಪ್ಲಗ್) ಬಿಚ್ಚಿದೆ. ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡಿನಲ್ಲಿ ದೀಪ ಹತ್ತಿತು, ಡಾಂಗಲ್‌ನಲ್ಲಿ ಆ ಸೆನ್ಸರ್‌ನದೇ ಕೋಡ್ ಪಿ0113 ಬಂತು. ಸೆನ್ಸರ್‌ನಿಂದ ಇಸಿಯು, ಇಸಿಯುವಿನಿಂದ ದೀಪ, ಇಡೀ ದಾರಿ ನೆಟ್ಟಗಿದೆ ಎಂದು ತೋರಿಸಿದ್ದು ಇದೊಂದೇ. ನನ್ನ ಪೂರ್ತಿ ನಂಬಿಕೆ ಇದರ ಮೇಲೆ.

ಆದರೆ ಮೂರು ಮಾತು ನೆನಪಿರಲಿ. ಎಷ್ಟೋ ಕಾರುಗಳಲ್ಲಿ ಕೆಲವು ತೊಂದರೆಗಳು ಸತತ ಎರಡು ಸಲ ಕಂಡರೆ ಮಾತ್ರ ದೀಪ ಹತ್ತುತ್ತದೆ. ಮೊದಲ ಸಲ ಹತ್ತದಿದ್ದರೆ ಡಾಂಗಲ್‌ನಲ್ಲಿ ಪೆಂಡಿಂಗ್ ಕೋಡ್ (ಒಮ್ಮೆ ಮಾತ್ರ ಕಂಡು ಇನ್ನೂ ಖಚಿತವಾಗದ ದೋಷದ ಕೋಡ್) ನೋಡಿ, ಇನ್ನೊಮ್ಮೆ ಓಡಿಸಿ. ಕಪ್ಲರ್ ಮತ್ತೆ ಹಾಕಿದ ಕೂಡಲೇ ದೀಪ ಆರದಿದ್ದರೂ ಗಾಬರಿ ಬೇಡ, ಸಾಮಾನ್ಯವಾಗಿ ತೊಂದರೆಯಿಲ್ಲದ ಮೂರು ಓಡಾಟವಾದ ಮೇಲೆ ಆರುತ್ತದೆ. ಮೂರನೆಯದು, ಏರ್‌ಬ್ಯಾಗ್‌ನ ಹಳದಿ ಕಪ್ಲರ್‌ಗಳ ತಂಟೆಗೆ ಹೋಗಲೇಬೇಡಿ. ಬೇರೆಯವರ ಕಾರಿನಲ್ಲಿ ಅವರನ್ನು ಕೇಳದೆ ಯಾವ ಕಪ್ಲರನ್ನೂ ಮುಟ್ಟಬಾರದು.

ಓಬಿಡಿ-2ಕ್ಕೂ ಹಿಂದಿನ ಕಾರಾದರೆ ಡಾಂಗಲ್ ಮಾತೇ ಇಲ್ಲ. ಅಣ್ಣನ 1994ರ ಟೊಯೊಟಾದಲ್ಲಿ ಡಯಾಗ್ನೊಸ್ಟಿಕ್ ಡಬ್ಬಿಯ ಟಿಇ1, ಇ1 ಎಂಬ ಎರಡು ಪಿನ್‌ಗಳನ್ನು ತುಂಡು ವೈರಿನಿಂದ ಸೇರಿಸಿ ಕೀ ಆನ್ ಮಾಡಿದೆವು. ದೀಪ ಒಂದೇ ಲಯದಲ್ಲಿ ಮಿಟುಕಿತು, ಅಂದರೆ ಕೋಡ್ ಇಲ್ಲ. ಕೋಡ್ ಇದ್ದರೆ ದೀಪ ಎಷ್ಟು ಸಲ ಮಿಟುಕಿತು ಎಂದು ಎಣಿಸಿ ಓದಬೇಕು. ಇಲ್ಲಿ ದೀಪವೇ ಉತ್ತರ ಹೇಳುವುದರಿಂದ ಒಂದೇ ಏಟಿಗೆ ಬಲ್ಬೂ ಇಸಿಯುವೂ ಪರೀಕ್ಷೆಯಾಗುತ್ತವೆ, ಆ ಮಟ್ಟಿಗೆ ಹೊಸ ಕಾರಿಗಿಂತ ಇದು ವಾಸಿ. ಆದರೆ ತಪ್ಪು ಪಿನ್‌ಗೆ ವೈರ್ ಹಾಕಿದರೆ ಇಸಿಯುಗೇ ಏಟು, ಆ ಕಾರಿನ ಮ್ಯಾನ್ಯುಯಲ್ ಎದುರಿಗಿಲ್ಲದೆ ಕೈಹಾಕಬೇಡಿ.

ವರ್ಕ್‌ಶಾಪಿನ ದೊಡ್ಡ ಸ್ಕ್ಯಾನರ್‌ನಿಂದ ಕೆಲವು ಕಾರುಗಳಲ್ಲಿ ದೀಪವನ್ನು ನೇರವಾಗಿ ಹಚ್ಚಿ ಆರಿಸಿ ನೋಡಬಹುದು. ಸೌಕರ್ಯವಿದ್ದರೆ ಒಳ್ಳೆಯದೇ. ನನ್ನ ಕೆಲಸ ಅದಿಲ್ಲದೆಯೇ ಆಯಿತು.

ಈಗ ಯಾರಿಗಾದರೂ ಕಾರು ನೋಡಲು ಜೊತೆಗೆ ಹೋದರೆ ಕೀ ಪರೀಕ್ಷೆ ಮಾಡಿ, ಆಯಿಲ್ ಲೈಟಿನ ಜೊತೆಗೇ ಆರುತ್ತದೆಯೇ ಎಂದು ವಿಡಿಯೊ ತೆಗೆದು, ಆಮೇಲೆ ಡಾಂಗಲ್‌ನಲ್ಲಿ ಕೋಡ್‌ಗಿಂತ ಮೊದಲು ಮಾನಿಟರ್ ಪಟ್ಟಿ ನೋಡುತ್ತೇನೆ. ಮಾನಿಟರ್‌ಗಳು ಪೂರ್ಣವಾಗಿಲ್ಲದಿದ್ದರೆ, ಇನ್ನಷ್ಟು ಓಡಿಸಿ ಇಡಿ, ಮುಂದಿನ ವಾರ ಬರುತ್ತೇವೆ ಎಂದು ಹೇಳಿ ಹೊರಡುತ್ತೇವೆ.