ಬರ್ನ್‌ನ ಈರುಳ್ಳಿ ಸಂತೆ: ನಸುಕಿಗೆ ಹೋದರೆ ನಾಲ್ಕು ಸ್ಟಾರ್, ಮಧ್ಯಾಹ್ನವಾದರೆ ಎರಡು

ಜ್ಯೂರಿಕ್‌ನಲ್ಲಿ ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ: ತ್ಸಿಬೆಲೆಮೆರಿತ್, ಅಂದರೆ ಸ್ವಿಸ್ ರಾಜಧಾನಿ ಬರ್ನ್‌ನ ಈ ಈರುಳ್ಳಿ ಸಂತೆ, ಶನಿವಾರ, ಭಾನುವಾರ ನೋಡಿಕೊಂಡು ಬರುವುದಿಲ್ಲ. ನವೆಂಬರ್‌ನ ನಾಲ್ಕನೇ ಸೋಮವಾರ ಅಂದರೆ ನಾಲ್ಕನೆಯದೇ, ಕೊನೆಯದಲ್ಲ. 2026ರಲ್ಲಿ ಆ ತಿಂಗಳಿಗೆ ಐದು ಸೋಮವಾರ, ಆದ್ದರಿಂದ ಸಂತೆ 23ಕ್ಕೆ. ಬೆಳಗಿನ ಲೆಕ್ಚರ್ ತಪ್ಪುತ್ತದೆ. ನಾನಂತೂ ತಪ್ಪಿಸಿದೆ, ಬೇಜಾರೇನೂ ಆಗಲಿಲ್ಲ.

ನೇರ ರೈಲು 56 ನಿಮಿಷ. ಹಾಲ್ಬ್‌ಟಾಕ್ಸ್ (ಅರ್ಧ ದರದ ಕಾರ್ಡ್) ಇದ್ದರೆ ಒಂದು ಕಡೆಗೆ ಸುಮಾರು 26 ಫ್ರಾಂಕ್. ಆ ಕಾರ್ಡ್ ಇಟ್ಟುಕೊಂಡು ಮುಂಚೆಯೇ ಬುಕ್ ಮಾಡಿದರೆ ಇಡೀ ದಿನದ ಅಗ್ಗದ ಪಾಸ್ 29ರಿಂದ ಸಿಗುತ್ತದೆ, ಅದನ್ನೇ ತಗೊಳ್ಳಿ. ಸ್ಟೇಷನ್‌ನಿಂದ ಪಾರ್ಲಿಮೆಂಟ್ ಎದುರಿನ ಬುಂಡೆಸ್‌ಪ್ಲಾಟ್ಸ್‌ಗೆ ನಡೆದೇ ಹೋಗಬಹುದು. ದಾರಿ ಕೇಳುವುದೂ ಬೇಡ, ವಾಸನೆ ಕರೆದುಕೊಂಡು ಹೋಗುತ್ತದೆ.

ನಾನು ಇಳಿದಾಗ ಇನ್ನೂ ಏಳು ಹೊಡೆದಿರಲಿಲ್ಲ, ಕಗ್ಗತ್ತಲು. ಆ ಹೊತ್ತಿಗೇ ಅಂಗಡಿಗಳಲ್ಲಿ ದೀಪ ಉರಿಯುತ್ತಿತ್ತು, ಕೊಳ್ಳುವ ಜನ ಬ್ಯಾಗ್ ಹಿಡಿದು ನಿಂತಿದ್ದರು. ಕೆಂಪು, ಬಿಳಿ, ಹಳದಿ ಈರುಳ್ಳಿಗಳನ್ನು ಹೆಣೆದು, ನಡುನಡುವೆ ಒಣಹೂ ಸಿಕ್ಕಿಸಿ ಸಾಲಾಗಿ ತೂಗುಹಾಕಿರುತ್ತಾರೆ. ಮದುವಣಗಿತ್ತಿಯ ಮೊಗ್ಗಿನ ಜಡೆಯನ್ನು ಈರುಳ್ಳಿಯಲ್ಲಿ ಕಟ್ಟಿದ ಹಾಗೆ! ಹೆಬ್ಬೆರಳಿನಷ್ಟು ಸಣ್ಣ ಈರುಳ್ಳಿಯ ಜಡೆಯೂ ಇದೆ, ನನ್ನ ಎತ್ತರದ್ದೂ ಇದೆ. ಒಬ್ಬ ರೈತ ಮಹಿಳೆಯನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಎಂದು ಕೇಳಿದೆ. "ನೀವು ತಿನ್ನದಿದ್ದರೆ ಮಾರ್ಚ್‌ವರೆಗೂ" ಅಂದರು. ಜೊತೆಗೆ ಯಾವುದು ಬೇಯಿಸಲು, ಯಾವುದು ಹಸಿಯಾಗಿ ತಿನ್ನಲು ಎಂದು ಒಂದೊಂದನ್ನೂ ಮುಟ್ಟಿ ತೋರಿಸಿದರು. ಹತ್ತು ಗಂಟೆಯ ನೂಕುನುಗ್ಗಲಲ್ಲಿ ಅಷ್ಟು ಪುರುಸೊತ್ತು ಯಾರಿಗಿರುತ್ತದೆ?

ತಿಂಡಿಯ ವಿಷಯಕ್ಕೆ ಬಂದರೆ ಸ್ವಲ್ಪ ನಿರಾಸೆ. ಇಲ್ಲಿನ ಹೆಸರುವಾಸಿ ತಿನಿಸು ತ್ಸ್ವೀಬೆಲ್‌ಕೂಖೆನ್, ಈರುಳ್ಳಿ ತುಂಬಿದ ಖಾರದ ಕಡುಬಲ್ಲ, ಕೆನೆ, ಮೊಟ್ಟೆ ಹಾಕಿ ಬೇಯಿಸಿದ ಸಪ್ಪೆ ಟಾರ್ಟ್. ಸಸ್ಯಾಹಾರಿಗಳೇ, ಗಮನಿಸಿ: ಹೆಚ್ಚಿನ ಕಡೆ ಅದರಲ್ಲಿ ಹಂದಿಮಾಂಸದ ಚೂರು ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. "ಓನೆ ಶ್ಪೆಕ್?" (ಹಂದಿಮಾಂಸ ಇಲ್ಲದ್ದಾ?) ಎಂದು ಕೇಳಿಯೇ ಕೈಯೊಡ್ಡಿ. ನಾನು ಕೇಳಿದ ಮೂರನೇ ಅಂಗಡಿಯಲ್ಲಿ ಮಾಂಸವಿಲ್ಲದ್ದು ಸಿಕ್ಕಿತು. ಬಿಸಿ ಇತ್ತು, ಈರುಳ್ಳಿ ಸಿಹಿಯಾಗಿ ಕರಗಿತ್ತು, ಆದರೆ ಒಂದು ತುಂಡಿಗೆ 7 ಫ್ರಾಂಕ್. ಯೂನಿವರ್ಸಿಟಿ ಕ್ಯಾಂಟೀನ್ ಮೆನ್ಸಾದಲ್ಲಿ ಹೆಚ್ಚುಕಡಿಮೆ ಅಷ್ಟಕ್ಕೆ ಊಟವೇ ಆಗುತ್ತದೆ. ಬೆಳ್ಳುಳ್ಳಿ ಬ್ರೆಡ್ ಮಾತ್ರ ಕೊಟ್ಟ ಕಾಸಿಗೆ ಮೋಸವಿಲ್ಲ. ಗ್ಲೂವೈನ್ (ಮಸಾಲೆ ಹಾಕಿದ ಬಿಸಿ ವೈನ್) ಕುಡಿಯುವವರು ಬೆಳಿಗ್ಗೆ ಏಳಕ್ಕೇ ಕುಡಿಯುತ್ತಿದ್ದರು. ನಾನು ಮದ್ಯವಿಲ್ಲದ ಬಿಸಿ ಪಾನೀಯ, ಮಕ್ಕಳ ಪುನ್ಷ್‌ನಲ್ಲಿ ಕೈ ಬೆಚ್ಚಗೆ ಮಾಡಿಕೊಂಡೆ. ಕಪ್ಪಿಗೆ ಠೇವಣಿ ಇರುತ್ತದೆ, ವಾಪಸ್ ಕೊಟ್ಟು ದುಡ್ಡು ಇಸಿದುಕೊಳ್ಳುವುದನ್ನು ಮರೆಯಬೇಡಿ.

ಸಂತೆಯ ಹುಟ್ಟಿನ ಬಗ್ಗೆ ಎಲ್ಲರೂ ಹೇಳುವ ಕಥೆಯೊಂದಿದೆ. 1405ರಲ್ಲಿ ಬರ್ನ್ ಹೊತ್ತಿ ಉರಿದಾಗ ಪಕ್ಕದ ಊರು ಫ್ರಿಬೂರ್ಗ್‌ನವರು ನೆರವಿಗೆ ಬಂದರಂತೆ, ಆ ಋಣಕ್ಕೆ ಅವರಿಗೆ ಇಲ್ಲಿ ಈರುಳ್ಳಿ ಮಾರುವ ಹಕ್ಕು ಸಿಕ್ಕಿತಂತೆ. ಬೆಂಕಿ ಬಿದ್ದದ್ದು ನಿಜ. ಸಂತೆ ಮಾತ್ರ ಅಷ್ಟು ಹಳೆಯದಲ್ಲ. 19ನೇ ಶತಮಾನದಲ್ಲಿ ನವೆಂಬರ್‌ನ ಸಂತ ಮಾರ್ಟಿನ್ ಹಬ್ಬದ ಸಂತೆಗೆ ವುಲ್ಲಿ ಬೆಟ್ಟದ ಕಡೆಯ ರೈತ ಹೆಂಗಸರು ಈರುಳ್ಳಿ ತಂದು ಮಾರತೊಡಗಿದ್ದೇ ಇದರ ಬೇರು ಎನ್ನುತ್ತಾರೆ ಇತಿಹಾಸಕಾರರು. ನನಗೆ ಈ ಎರಡನೆಯದೇ ಹೆಚ್ಚು ಇಷ್ಟ.

ಹೊತ್ತೇರಿದಂತೆ ಬಸ್ಸುಗಟ್ಟಲೆ ಪ್ರವಾಸಿಗರು, ತಲೆಗೆ ಕೀಚ್ ಎಂದು ಬಡಿಯುವ ಪ್ಲಾಸ್ಟಿಕ್ ಸುತ್ತಿಗೆ ಹಿಡಿದ ಹುಡುಗರು, ಕಾನ್‌ಫೆಟ್ಟಿ. ಬಾಯಿ ತೆರೆದು ನಗುವ ಹಾಗಿಲ್ಲ, ಕಾಗದ ಒಳಗೆ ಹೋಗುತ್ತದೆ. ಗೆಳೆಯರ ಗುಂಪಿದ್ದರೆ ಮಜಾ ಇರಬಹುದು. ಒಬ್ಬರೇ ಹೋದವರಿಗೆ ಹತ್ತೂವರೆಯ ಹೊತ್ತಿಗೆ ಸಾಕು ಸಾಕು.

ಕೊಳ್ಳುವುದಾದರೆ ಈರುಳ್ಳಿ ಆಕಾರದ ಸಕ್ಕರೆ ಮಿಠಾಯಿಯ ಸರಗಳನ್ನು ಬಿಟ್ಟು ನಿಜವಾದ ಜಡೆಗೇ ದುಡ್ಡು ಹಾಕಿ. ನಾನು 12 ಫ್ರಾಂಕಿನದು ತಂದೆ. ಹಾಸ್ಟೆಲ್‌ನಲ್ಲಿ ಫ್ರಿಜ್ಜಿನೊಳಗೆ ತುರುಕಬೇಡಿ. ಗಾಳಿಯಾಡುವ, ಒಣಗಿದ, ತಂಪಾದ ಜಾಗದಲ್ಲಿ ತೂಗುಹಾಕಿ. ಬೇಕಾದಾಗ ಕೆಳಗಿನಿಂದ ಒಂದೊಂದನ್ನೇ ಕತ್ತರಿಯಲ್ಲಿ ಕತ್ತರಿಸಿಕೊಳ್ಳಿ, ಎಳೆದು ಕಿತ್ತರೆ ಹೆಣಿಗೆ ಸಡಿಲವಾಗುತ್ತದೆ.