ಜನರಲ್ ಚೌಧುರಿ ಸಹಿಯ ಕಾಗದ ಅಂತ ನನಗೆ ಟೋಪಿ ಹಾಕಿದರು, ನೀವು ಬೀಳಬೇಡಿ

ಬರೆಯಬಾರದು ಅಂದುಕೊಂಡಿದ್ದೆ. ಮನೆಯಲ್ಲಿ ಆದ ಮಂಗಳಾರತಿಯೇ ಸಾಕಾಗಿತ್ತು. ಆದರೆ ನನಗೆ ಆ ಕಾಗದ ಮಾರಿದ ಮನುಷ್ಯನೇ ಬೀದರಿನ ನನ್ನ ಗೆಳೆಯನಿಗೂ ಗಾಳ ಹಾಕಿದ್ದು ಮೊನ್ನೆ ಗೊತ್ತಾಯಿತು. ಇನ್ನು ಸುಮ್ಮನಿದ್ದರೆ ತಪ್ಪು ನನ್ನದೇ ಆಗುತ್ತದೆ. 22,000 ರೂಪಾಯಿ ರೀ. ಮೂರು ಕ್ವಿಂಟಲ್ ತೊಗರಿ ಮಾರಿದಷ್ಟು ದುಡ್ಡು. ಒಂದೇ ಒಂದು ಕಾಗದಕ್ಕೆ.

ನನಗೆ ಹಳೇ ಕಾಗದಗಳ ಹುಚ್ಚು. ಅಜ್ಜನ ಟ್ರಂಕಿನಿಂದ ಶುರುವಾಗಿದ್ದು. ನಿಜಾಮರ ಕಾಲದ ಸ್ಟಾಂಪ್ ಕಾಗದ, ಉರ್ದುವಿನಲ್ಲಿ ಬರೆದ ಹೊಲದ ಪತ್ರ, ಫಸಲಿ ಇಸವಿ (ನಿಜಾಮರ ಆಡಳಿತದ ಕಾಲಗಣನೆ) ಹಾಕಿದ ರಸೀದಿ, ಇಂಥವು. ಆಮೇಲೆ ದೊಡ್ಡವರ ಸಹಿ ಇರುವ ಪತ್ರ ಬೇಕು ಅನ್ನುವ ಆಸೆ ಹತ್ತಿತು. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೇನಾ ಕಾರ್ಯಾಚರಣೆ, ಅಂದರೆ ಪೊಲೀಸ್ ಆ್ಯಕ್ಷನ್, ನಿಜಾಮರ ಪರ ನಿಂತ ರಜಾಕಾರರ ಪಡೆ, ಇವುಗಳ ಕಥೆ ಕೇಳದ ಮನೆ ಕಲಬುರಗಿಯಲ್ಲಿ ಎಲ್ಲಿದೆ? 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಸೇನಾಪತಿ ಎಲ್ ಎಡ್ರೂಸ್ ಶರಣಾಗಿದ್ದು ಭಾರತ ಸೇನೆಯ ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ. ಅವರೇ ಆಮೇಲೆ ಮಿಲಿಟರಿ ಗವರ್ನರ್. ಅವರ ಸಹಿ ಇರುವ ಪತ್ರ, ಅದೂ ನಮ್ಮೂರಿನವರಿಗೇ ಬರೆದದ್ದು ಅಂತ ಫೋಟೋ ಬಂದರೆ ನನ್ನಂಥವನು ತಡೆದುಕೊಳ್ಳುವುದು ಹೇಗೆ?

"ನಮ್ಮ ಅಜ್ಜಾರ ಪೆಟಿಗ್ಯಾಗ ಸಿಕ್ಕದ ಸರ್. ಮಾರೋ ಮನಸ್ಸಿಲ್ಲ. ತಂಗಿ ಮದುವಿ ಅದ, ಅದ್ಕ" ಅಂದ ಮಾರುವವನು.

ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಕೂತು ನೋಡಿದೆ. ನಾನೇನು ಕಣ್ಣು ಮುಚ್ಚಿಕೊಂಡು ತಗೊಂಡಿಲ್ಲ, ಅದೇ ಹೊಟ್ಟೆ ಉರಿಯುವ ವಿಷಯ. ಖೋಟಾ ನೋಟು ನೋಡುವ ನೀಲಿ ದೀಪ ಒಯ್ದಿದ್ದೆ. ಈಗಿನ ಬಿಳಿ ಕಾಗದ ಅದರ ಕೆಳಗೆ ಝಗ್ ಅಂತ ಹೊಳೆಯುತ್ತದೆ, ಆ ಕಾಲದ ಕಾಗದ ಹೊಳೆಯುವುದಿಲ್ಲ. ಇದು ಹೊಳೆಯಲಿಲ್ಲ. ಹಿಂಬದಿ ಬೆರಳಾಡಿಸಿದೆ. ಟೈಪ್ ಹೊಡೆದ ಅಕ್ಷರ ಕೈಗೆ ಹತ್ತಿದವು, ಫುಲ್‌ಸ್ಟಾಪ್ ಇದ್ದ ಕಡೆ ಕಾಗದ ತೂತು ಬೀಳುವಷ್ಟು ಒತ್ತಿತ್ತು. ಕವರ್ ಎಲ್ಲಿ ಅಂತ ಕೇಳಿದ್ದಕ್ಕೆ "ಇಲಿ ತಿಂದಾವ ಸರ್" ಅಂದ. ನಕ್ಕುಬಿಟ್ಟೆ ನಾನು. ಅಲ್ಲೇ ಫೋನ್‌ಪೇ ಮಾಡಿದೆ.

ನೋಡಿ, ಕಾಗದ ಖರೇನೇ ಹಳೇದು. ಯಾವುದೋ ಹಳೇ ಲೆಕ್ಕದ ಪುಸ್ತಕದ ಖಾಲಿ ಹಾಳೆ ಹರಿದಿದ್ದಾನೆ. ಹಳೇ ಟೈಪ್‌ರೈಟರಿನಲ್ಲಿ ಹೊಡೆದಿದ್ದಾನೆ. ನಾನು ಕಾಗದ ನೋಡಿದೆ, ಟೈಪು ನೋಡಿದೆ. ದುಡ್ಡು ಕೊಟ್ಟದ್ದು ಸಹಿಗೆ, ಸಹಿ ನೋಡಲಿಲ್ಲ!

ಸೆಪ್ಟೆಂಬರ್ 17ಕ್ಕೆ, ಹೈದರಾಬಾದ್ ವಿಮೋಚನೆಯ ದಿನ, ಧ್ವಜ ಏರಿಸಿದ ಮೇಲೆ ಮನೆಗೆ ನಾಲ್ಕು ಮಂದಿಯನ್ನು ಕರೆದು, ಚಹಾ ಕೊಟ್ಟು, ಪ್ಲಾಸ್ಟಿಕ್ ಕವರಿನಿಂದ ದೇವರ ಫೋಟೋ ತೆಗೆದ ಹಾಗೆ ತೆಗೆದು ತೋರಿಸಿದೆ. ರಿಟೈರಾದ ಹೆಡ್ ಮಾಸ್ತರು ನಮ್ಮ ಕಾಕಾ. ಕನ್ನಡಕ ಏರಿಸಿ ಮೇಲಿನ ವಿಳಾಸ ಓದಿದರು, ಪತ್ರ ಪೂರ್ತಿ ಓದಲೂ ಇಲ್ಲ.

"ತಮ್ಮಾ, ತಾರೀಖು ಮಾರ್ಚ್ 1949 ಅದ. ಅವಾಗ ಗುಲ್ಬರ್ಗಾ ಮೈಸೂರು ಸ್ಟೇಟಿನ್ಯಾಗ ಎಲ್ಲಿತ್ತೋ?"

ಕೋಣೆ ಸುಮ್ಮನಾಯಿತು. ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಚೆಂದಾಗಿ ಟೈಪಾಗಿದೆ, ಗುಲ್ಬರ್ಗಾ, ಮೈಸೂರು ಸ್ಟೇಟ್ ಅಂತ. ಗುಲ್ಬರ್ಗಾ, ಬೀದರ್, ರಾಯಚೂರು ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಲ್ಲಿಯವರೆಗೆ ನಾವು ಹೈದರಾಬಾದಿನವರು. ಇದು ಇಲ್ಲಿ ಸಾಲಿ ಹುಡುಗರಿಗೂ ಗೊತ್ತು. ನನಗೂ ಗೊತ್ತು! ಆ ವಿಳಾಸ ಏನಿಲ್ಲವೆಂದರೂ ಇಪ್ಪತ್ತು ಸಲ ಓದಿದ್ದೆ. ನಮ್ಮೂರ ಹೆಸರು ನೋಡಿ ಖುಷಿಪಟ್ಟು ಮುಂದೆ ಹೋಗಿದ್ದೆ.

ಮರುದಿನ ಸರಾಫ್ ಬಜಾರಿನಲ್ಲಿ ಪರಿಚಯದ ಅಂಗಡಿಗೆ ಹೋದೆ. ಅವರು ಹರಳು ನೋಡುವ ಭೂತಗನ್ನಡಿ ಕಣ್ಣಿಗೆ ಸಿಗಿಸಿಕೊಂಡು ಸಹಿ ನೋಡಿ, "ಅಣ್ಣಾರ, ಇದು ಮಸಿ ಅಲ್ರಿ" ಅಂತ ನನ್ನ ಕೈಗೇ ಕೊಟ್ಟರು. ಬರಿಗಣ್ಣಿಗೆ ಕಪ್ಪು ಗೆರೆ. ಗಾಜಿನಡಿ ನೋಡಿದರೆ ನೀಲಿ, ಗುಲಾಬಿ, ಹಳದಿ ಚುಕ್ಕೆ. ರಂಗೋಲಿ ಪುಡಿ ಚೆಲ್ಲಿದ ಹಾಗೆ. ಪ್ರಿಂಟರ್ ಸಹಿ. ಪಕ್ಕದಲ್ಲಿ ಅಜ್ಜನ ರಸೀದಿ ಇಟ್ಟು ನೋಡಿದೆ. ಅಲ್ಲಿ ಮಸಿ ಕಾಗದದ ಎಳೆಯೊಳಗೆ ಇಳಿದಿದೆ, ಪೆನ್ನು ನಿಂತ ಕಡೆ ಗಾಢವಾಗಿದೆ. ಇಷ್ಟೇ ನೋಡಬೇಕಾಗಿತ್ತು. ಎರಡು ನಿಮಿಷದ ಕೆಲಸ.

ಇನ್ನು ಮಾರಿದವನ ಉತ್ತರ ಕೇಳಿ. ಮೊದಲು, "ಟೈಪಿಸ್ಟ್ ತಪ್ಪು ಮಾಡಿರಬೇಕು ಸರ್." ಏಳು ವರ್ಷ ಆದಮೇಲೆ ಆಗುವುದನ್ನು ತಿಳಿದು ತಪ್ಪು ಮಾಡಿದ ಟೈಪಿಸ್ಟ್! ಚುಕ್ಕೆಗಳ ಫೋಟೋ ಕಳಿಸಿದೆ. "ಸರ್ಟಿಫಿಕೇಟ್ ಕೊಟ್ಟೀನಲ್ಲ ಸರ್." ಕೊಟ್ಟಿದ್ದಾನೆ, ಹೌದು. ಬರೆದವನೂ ಅವನೇ, ರಬ್ಬರ್ ಸ್ಟಾಂಪೂ ಅವನದೇ. "ನೀವೇ ಲೈಟ್ ಹಾಕಿ ನೋಡಿ ತಗೊಂಡೀರಿ." ದುಡ್ಡು ವಾಪಸ್ ಕೊಡು, ಇಲ್ಲದಿದ್ದರೆ ಪೊಲೀಸರ ಹತ್ತಿರ ಹೋಗುತ್ತೇನೆ ಅಂದೆ. ಅದಕ್ಕೆ ಬಂದ ಉತ್ತರ ಇವತ್ತಿಗೂ ಫೋನಿನಲ್ಲಿ ಇಟ್ಟಿದ್ದೇನೆ: "ಹೋಗ್ರಿ ಸರ್. 75 ವರ್ಷ ದಾಟಿದ ಕಾಗದ ಅದು, 1972ರ ಕಾಯ್ದೆ ಅದ. ಇಟ್ಕೊಂಡವರಿಗೇ ತ್ರಾಸ."

ಹಳೇ ಚಾರಿತ್ರಿಕ ವಸ್ತು, ಕಾಗದಗಳ ಮಾರಾಟಕ್ಕೆ ಕಟ್ಟು ಹಾಕುವ ಕಾಯ್ದೆ ಅದು. ಎರಡು ದಿನ ಹೆದರಿದೆ, ಸುಳ್ಳೇಕೆ ಹೇಳಲಿ. ಮೂರನೇ ದಿನ ತಲೆಗೆ ಹೊಳೆಯಿತು. ಅಲ್ಲಪ್ಪಾ, ಕಾಗದ ಖರೇ ಇದ್ದರೆ ತಾನೇ ಆ ಕಾಯ್ದೆ? ಖರೇ ಇದ್ದರೂ ಇಂಥವನ್ನು ಮಾರುವ ದಂಧೆಗೆ ಲೈಸೆನ್ಸ್ ಬೇಕಾಗಿದ್ದು ಅವನಿಗೆ. ಹೀಗಂತ ಬರೆದು ಕಳಿಸಿದೆ. ಬ್ಲಾಕ್ ಮಾಡಿದ. ದೂರು ಕೊಟ್ಟಿದ್ದೇನೆ. ದುಡ್ಡು ಬರುತ್ತದೆ ಅನ್ನುವ ಆಸೆ ಇಲ್ಲ.

ಬೀದರಿನ ಗೆಳೆಯನಿಗೆ ಅವನು ತೋರಿಸಿದ್ದೂ ಚೌಧುರಿ ಪತ್ರವೇ. ತಾರೀಖು ಬೇರೆ, ಹೆಸರು ಬೇರೆ, ಸಹಿ ಮಾತ್ರ ಅದೇ. ಬಾಲದ ತುದಿಯ ಮಸಿ ಚುಕ್ಕೆ ಸಮೇತ. ಯಾವ ಮನುಷ್ಯ ಎರಡು ಸಲ ಹಾಗೆ ಸಹಿ ಮಾಡುತ್ತಾನೆ?

ಹಾಗಾಗಿ ಮೊದಲು ಸಹಿಗೆ ಭೂತಗನ್ನಡಿ ಹಿಡಿಯಿರಿ, ಉಳಿದದ್ದು ಆಮೇಲೆ. ಮಾರುವವನೇ ಬರೆದ ಸರ್ಟಿಫಿಕೇಟಿನಲ್ಲಿ ಕಡಲೆ ಕಟ್ಟಿಕೊಳ್ಳಿ. ವಿಳಾಸ, ತಾರೀಖು, ಪದವಿ ಒಂದಕ್ಕೊಂದು ಕೂಡುತ್ತವಾ ಅಂತ ಹಿರಿಯರೊಬ್ಬರಿಗೆ ದುಡ್ಡು ಕೊಡುವ ಮೊದಲು ತೋರಿಸಿ. ನಾನು ಕೊಟ್ಟಮೇಲೆ ತೋರಿಸಿದೆ. ತಂಗಿ ಮದುವೆ ಅಂದರೆ ಎದ್ದು ಬನ್ನಿ.

ನಿನ್ನೆ ಗೆಳೆಯ ಅವನ ಸ್ಟೇಟಸ್ಸಿನ ಫೋಟೋ ಕಳಿಸಿದ್ದಾನೆ. ಈಗ ಸರ್ದಾರ್ ಪಟೇಲರ ಪತ್ರ ಬಂದಿದೆಯಂತೆ, 65,000ಕ್ಕೆ. ಹಿಗ್ಗಿಸಿ ತಾರೀಖು ನೋಡಿದೆ: ಫೆಬ್ರುವರಿ 1951. ಪಟೇಲರು ತೀರಿಕೊಂಡದ್ದು 1950ರ ಡಿಸೆಂಬರ್ 15ಕ್ಕೆ. ಕೆಳಗೆ ಆಗಲೇ ಯಾರೋ "ಲಾಸ್ಟ್ ಎಷ್ಟು ಸರ್?" ಅಂತ ಕೇಳಿದ್ದಾರಂತೆ.